ಎರೆಹೊಲದ ಬಿಳಿಜೋಳಕ್ಕೆ ದಕ್ಕೀತೇ ಭತ್ತದ ಭಾಗ್ಯ?

‘ಡೋಣಿ ಹರಿದರೆ ಓಣಿಯೆಲ್ಲ ಜೋಳ’ ಎಂಬ ಗಾದೆಯನ್ನು ಕೇಳದೆ ಬೆಳೆದವರು ವಿಜಯಪುರ ಜಿಲ್ಲೆಯಲ್ಲಿ ಇರಲಾರರು. ಡೋಣಿ ನದಿಯ ಎರೆಭೂಮಿಯಲ್ಲಿ ಹಿಂಗಾರಿ ಬಿಳಿಜೋಳವೆಂದರೆ ಬರಿಯ ಬೆಳೆಯಲ್ಲ. ಅದು ಮನೆಯ ರೊಟ್ಟಿ, ಹಕ್ಕಿಯ ಕಣಿಕೆ, ಮಾಗಿಯ ಸೀತನಿ, ಎಳ್ಳ ಅಮಾವಾಸ್ಯೆಯ ದಿನ ಬಂಡಿ ಹೂಡಿಕೊಂಡು ಹೋಗಿ ಹೊಲಕ್ಕೆ ಚರಗ ಚೆಲ್ಲುವ ಸಂಭ್ರಮ. ಇಂತಹ ನಾಡಿನ ಮಧ್ಯದಲ್ಲಿರುವ ಮುಳವಾಡ ಎಂಬ ಹಳ್ಳಿಯ ಹೆಸರು ಇಂದು ರಾಜ್ಯದ ಬಹುತೇಕ ಜನರಿಗೆ ತಿಳಿದಿರುವುದು ಜೋಳದಿಂದಲ್ಲ, ನೀರಿನಿಂದ. ಆಲಮಟ್ಟಿ ಜಲಾಶಯದ ಹಿನ್ನೀರನ್ನು ಎತ್ತಿ ಹಳೆಯ ಬಸವನ ಬಾಗೇವಾಡಿ, ಸಿಂದಗಿ, ಇಂಡಿ ಮತ್ತು ಮುದ್ದೇಬಿಹಾಳ ತಾಲ್ಲೂಕುಗಳ ಕಡೆಗೆ ಹರಿಸುವ ಮುಳವಾಡ ಏತ ನೀರಾವರಿ ಯೋಜನೆ ಈ ಹೆಸರನ್ನು ವಿಧಾನಸೌಧದವರೆಗೂ ಮುಟ್ಟಿಸಿತು.

ನೀರು ಬಂದ ಕಡೆ ಕಬ್ಬು, ಗೋವಿನಜೋಳ, ದ್ರಾಕ್ಷಿ, ದಾಳಿಂಬೆ ಬರುತ್ತವೆ. ಅದನ್ನು ಬೇಡವೆನ್ನುವ ಹಕ್ಕು ನಗರದಲ್ಲಿ ಕುಳಿತು ಬರೆಯುವ, ಓದುವ ನಮಗೆ ಇಲ್ಲ. ವರ್ಷಕ್ಕೆ 600 ಮಿ.ಮೀ. ಆಸುಪಾಸಿನ ಮಳೆಯನ್ನು ನಂಬಿ ತಲೆಮಾರುಗಳನ್ನು ಕಳೆದವರು ನೀರು ಕಂಡಾಗ ಬೆಳೆ ಬದಲಿಸುವುದು ಸಹಜ. ಆದರೆ ಏತ ನೀರಾವರಿಯ ಕಾಲುವೆ ಎಲ್ಲ ಹೊಲಗಳಿಗೂ ತಲುಪುವುದಿಲ್ಲ. ತಲುಪದ ಹೊಲಗಳಲ್ಲಿ ಇಂದಿಗೂ ಉತ್ತರೆ, ಹಸ್ತ ಮಳೆಗಳಿಗೆ ಕೂರಿಗೆ ಹೂಡಬೇಕು. ಆ ಮಳೆಯ ಹಸಿಯನ್ನೇ ನಂಬಿ ಮಾಘ, ಫಾಲ್ಗುಣದವರೆಗೆ ಬೆಳೆಯನ್ನು ಸಾಗಿಸಬೇಕು. ಅಲ್ಲಿ ಬಿತ್ತುವ ಬೀಜ ಯಾವುದು? ಅದನ್ನು ಉತ್ತಮಪಡಿಸಲು ವಿಜ್ಞಾನ ಏನು ಮಾಡಿದೆ? ಭತ್ತದ ವಂಶವಾಹಿಗಳ ಬಗೆಗೆ ಕಳೆದ ಎರಡು ದಶಕಗಳಲ್ಲಿ ಪುಂಖಾನುಪುಂಖವಾಗಿ ಬಂದ ಸುದ್ದಿಗಳನ್ನು ಓದಿದಾಗಲೆಲ್ಲ ಈ ಪ್ರಶ್ನೆ ಏಳುತ್ತದೆ.

ಭತ್ತಕ್ಕೆ ಮೊದಲ ಮಣೆ

ಧಾನ್ಯಗಳಲ್ಲಿ ತನ್ನ ವಂಶವಾಹಿಗಳ ಸಂಪೂರ್ಣ ಬರಹವನ್ನು, ಅಂದರೆ ಜೀನೋಮನ್ನು, ಮೊದಲು ತೆರೆದು ತೋರಿಸಿದ್ದು ಭತ್ತ. 2002ರಲ್ಲಿ ಕರಡು ಪ್ರತಿ ಸಿದ್ಧವಾಯಿತು. ಹಲವು ದೇಶಗಳು ಕೂಡಿ ಕೈಗೊಂಡ ಅಂತಾರಾಷ್ಟ್ರೀಯ ಯೋಜನೆಯ ಪೂರ್ಣ ಪ್ರತಿ 2005ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಭತ್ತದ 12 ವರ್ಣತಂತುಗಳಲ್ಲಿ 11ನೆಯದರ ಒಂದು ಭಾಗವನ್ನು ಓದಿದವರು ದೆಹಲಿಯ ವಿಜ್ಞಾನಿಗಳು ಎಂಬುದು ನಮಗೆ ಹೆಮ್ಮೆಯ ಸಂಗತಿ.

ಭತ್ತವನ್ನೇ ಏಕೆ ಆರಿಸಿದರು ಎಂಬುದಕ್ಕೆ ಎರಡು ಕಾರಣಗಳುಂಟು. ಜಗತ್ತಿನ ಅರ್ಧದಷ್ಟು ಜನರಿಗೆ ಅದು ಮುಖ್ಯ ಆಹಾರ ಎಂಬುದು ಒಂದು. ಅದರ ಜೀನೋಮ್ ಚಿಕ್ಕದು ಎಂಬುದು ಇನ್ನೊಂದು. ಜೀವಕೋಶದ ಡಿಎನ್‌ಎ ನಾಲ್ಕೇ ಅಕ್ಷರಗಳಲ್ಲಿ ಬರೆದ ಉದ್ದನೆಯ ಬರಹ. ಭತ್ತದಲ್ಲಿ ಈ ಅಕ್ಷರಗಳ ಸಂಖ್ಯೆ ಸುಮಾರು 39 ಕೋಟಿ. ಜೋಳದಲ್ಲಿ ಅದು ಸುಮಾರು 73 ಕೋಟಿ, ಮನುಷ್ಯನಲ್ಲಿ 300 ಕೋಟಿ, ಗೋಧಿಯಲ್ಲಿ ಸುಮಾರು 1,600 ಕೋಟಿ. ಅಕ್ಷರಗಳು ಹೆಚ್ಚಿದ್ದರೆ ಗುಣವೂ ಹೆಚ್ಚು ಎಂದೇನೂ ಇಲ್ಲ. ಬಹುಪಾಲು ಒಂದೇ ಸಾಲನ್ನು ಮತ್ತೆ ಮತ್ತೆ ನಕಲು ಮಾಡಿದ ಪುಟಗಳು. ಗೋಧಿಯ ಮುಂದೆ ಮನುಷ್ಯನೇ ಕುಬ್ಜನಾಗಿರುವಾಗ ಈ ಲೆಕ್ಕಕ್ಕೆ ಅಹಂಕಾರ ಪಡಬೇಕಾಗಿಲ್ಲ.

ಬರಹ ಕೈಗೆ ಬಂದ ಮೇಲೆ ಭತ್ತದ ತಳಿ ಅಭಿವೃದ್ಧಿ ಹಿಡಿದ ದಾರಿಯೇ ಬೇರೆ. ಹಸಿರು ಕ್ರಾಂತಿಯ ಕಾಲದ ಐಆರ್-8 ತಳಿಯನ್ನು 1966ರಲ್ಲಿ ಬಿಡುಗಡೆ ಮಾಡಿದಾಗ ಅದು ಗಿಡ್ಡವಾಗಿರಲು ಕಾರಣವಾದ ವಂಶವಾಹಿ ಯಾವುದೆಂದು ತಳಿಗಾರರಿಗೆ ಗೊತ್ತಿರಲಿಲ್ಲ. ಕಣ್ಣಿನಿಂದ ನೋಡಿ ಆರಿಸಿದ್ದರು. ಆ ವಂಶವಾಹಿಯ ನಿಜ ಸ್ವರೂಪ ತಿಳಿದದ್ದು 2002ರಲ್ಲಿ. ಇದಕ್ಕೆ ತದ್ವಿರುದ್ಧವಾದದ್ದು ಒಡಿಶಾದ ‘ಧಲಪುತ್ತಿಯಾ’ ಎಂಬ ನಾಡಭತ್ತದ ಕಥೆ. ಪ್ರವಾಹದಲ್ಲಿ ಮುಳುಗಿದರೂ ಸಾಯದ ಈ ತಳಿಯಿಂದ ಶುದ್ಧಗೊಳಿಸಿದ ‘ಎಫ್ಆರ್ 13ಎ’ಯಲ್ಲಿ ಆ ಗುಣಕ್ಕೆ ಕಾರಣವಾದ ವಂಶವಾಹಿಯನ್ನು ಗುರುತಿಸಿ 2006ರಲ್ಲಿ ಪ್ರಕಟಿಸಿದರು. ರೈತರು ಮೆಚ್ಚಿದ್ದ ‘ಸ್ವರ್ಣ’ ತಳಿಗೆ ಆ ಒಂದು ಗುಣವನ್ನು ಮಾತ್ರ ಸೇರಿಸಿದರು. 2009ರಲ್ಲಿ ‘ಸ್ವರ್ಣ-ಸಬ್ 1’ ಹೊಲಕ್ಕಿಳಿಯಿತು. ಅಕ್ಕಿ ಅದೇ, ರುಚಿ ಅದೇ, ಇಳುವರಿ ಅದೇ. ಎರಡು ವಾರ ನೀರಿನಡಿ ಇದ್ದರೂ ಬೆಳೆ ಚೇತರಿಸಿಕೊಳ್ಳುತ್ತದೆ. ಹೈದರಾಬಾದಿನ ವಿಜ್ಞಾನಿಗಳು ಸಾಂಬಾ ಮಸೂರಿಗೆ ದುಂಡಾಣು ಎಲೆ ಅಂಗಮಾರಿ ರೋಗ ತಡೆಯುವ ಮೂರು ವಂಶವಾಹಿಗಳನ್ನು ಸೇರಿಸಿ 2008ರಲ್ಲಿ ಸುಧಾರಿತ ತಳಿಯನ್ನು ಕೊಟ್ಟದ್ದೂ ಇದೇ ಮಾರ್ಗದಿಂದ.

ನಮ್ಮ ರಾಜ್ಯವೂ ಈ ವಿಷಯದಲ್ಲಿ ಹಿಂದೆ ಬಿದ್ದಿರಲಿಲ್ಲ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದಲ್ಲಿ ಡಾ. ಶೈಲಜಾ ಹಿಟ್ಟಲಮನಿ ಅವರ ತಂಡ ರೂಪಿಸಿದ ‘ಶಾರದಾ’ (ಎಂಎಎಸ್ 946-1) ಎಂಬ ಏರೋಬಿಕ್ ಭತ್ತ 2007ರಲ್ಲಿ ಬಿಡುಗಡೆಯಾಯಿತು. ಗದ್ದೆಯಲ್ಲಿ ನೀರು ನಿಲ್ಲಿಸದೆ, ರಾಗಿಯಂತೆ ಒಣ ಹೊಲದಲ್ಲಿ ಬಿತ್ತಿ ಬೆಳೆಯಬಹುದಾದ ಭತ್ತ ಅದು. 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ವಂಶವಾಹಿ ತಿದ್ದುಪಡಿಯಿಂದ ರೂಪಿಸಿದ ಎರಡು ಭತ್ತದ ತಳಿಗಳನ್ನು, ‘ಡಿಆರ್‌ಆರ್ ಧಾನ್ 100 (ಕಮಲಾ)’ ಮತ್ತು ‘ಪೂಸಾ ಡಿಎಸ್‌ಟಿ ರೈಸ್ 1’, ಘೋಷಿಸಿದಾಗ ಪತ್ರಿಕೆಗಳ ಮುಖಪುಟ ಮತ್ತೆ ಭತ್ತದ ಪಾಲಾಯಿತು.

ಮಾಲದಂಡಿಯ ಹಟ

ಈಗ ಎರೆಹೊಲಕ್ಕೆ ಬರೋಣ. ಇಲ್ಲಿನ ಹಿಂಗಾರಿ ಜೋಳದ ಮಟ್ಟಿಗೆ ತಳಿಯ ಹೆಸರು ಕೇಳಿದರೆ ಹಿರಿಯರಿಂದ ಬರುವ ಉತ್ತರ ಒಂದೇ: ‘ಮಾಲದಂಡಿ’. ಸೊಲ್ಲಾಪುರ ಜಿಲ್ಲೆಯ ಮೊಹೋಳದಲ್ಲಿ, ಸ್ಥಳೀಯ ಮಾಲದಂಡಿ ಜೋಳದಿಂದ 1930ರ ದಶಕದಲ್ಲಿ ಆಯ್ದು ಶುದ್ಧಗೊಳಿಸಿದ ಎಂ 35-1 ತಳಿ ಅದು. ಆಗ ವಿಜಾಪುರವೂ ಸೊಲ್ಲಾಪುರವೂ ಒಂದೇ ಮುಂಬಯಿ ಪ್ರಾಂತ್ಯದಲ್ಲಿದ್ದವು. ಬೀಜಕ್ಕೆ ಗಡಿ ಇರಲಿಲ್ಲ, ಈಗಲೂ ಇಲ್ಲ. ಮಳೆಯಾಶ್ರಿತ ಬೇಸಾಯದ ಸಂಶೋಧನಾ ಕೇಂದ್ರ ವಿಜಾಪುರದಲ್ಲಿ ಆರಂಭವಾದದ್ದೂ ಅದೇ ದಶಕದಲ್ಲಿ. ಇಂದು ಅದು ಧಾರವಾಡ ಕೃಷಿ ವಿಶ್ವವಿದ್ಯಾಲಯದ ಅಡಿಯಲ್ಲಿ ಪ್ರಾದೇಶಿಕ ಕೃಷಿ ಸಂಶೋಧನಾ ಕೇಂದ್ರವಾಗಿದೆ. ಬಿಜೆವಿ-44 ಎಂಬ ಹಿಂಗಾರಿ ಜೋಳ ಅಲ್ಲಿಂದಲೇ ಬಂದದ್ದು.

ಒಂದು ತಳಿ ಎಂಟು ದಶಕಗಳಿಗೂ ಮಿಕ್ಕಿ ಹೊಲದಲ್ಲಿ ಉಳಿಯುವುದು ಸಾಮಾನ್ಯ ಸಂಗತಿಯಲ್ಲ. ಈ ನಡುವೆ ಪ್ರಯತ್ನಗಳು ನಡೆಯಲಿಲ್ಲವೆಂದಲ್ಲ. ಭಾರತದ ಮೊದಲ ಜೋಳದ ಹೈಬ್ರಿಡ್ ಸಿಎಸ್‌ಎಚ್-1 ಬಿಡುಗಡೆಯಾದದ್ದು 1964ರಲ್ಲಿ. ಮುಂಗಾರಿನಲ್ಲಿ ಹೈಬ್ರಿಡ್ ಜೋಳ ಇಳುವರಿಯನ್ನು ಎಲ್ಲಿಂದ ಎಲ್ಲಿಗೋ ಒಯ್ದಿತು. ಹಿಂಗಾರಿನಲ್ಲಿ ಮಾತ್ರ ಅದರ ಆಟ ನಡೆಯಲಿಲ್ಲ. ಚಳಿಗಾಲದ ರಾತ್ರಿಯ ತಂಪು, ಸುಳಿನೊಣದ ಕಾಟ, ದಿನದಿಂದ ದಿನಕ್ಕೆ ಆರುತ್ತ ಹೋಗುವ ನೆಲದ ಹಸಿ ಈ ಮೂರನ್ನೂ ಒಟ್ಟಿಗೆ ತಾಳಿಕೊಳ್ಳುವ ಹೈಬ್ರಿಡ್ ಸಿಗುವುದು ಕಷ್ಟವಾಯಿತು. ಸಿಕ್ಕರೂ ಕಾಳು ಮಾಲದಂಡಿಯಂತೆ ದುಂಡಗೆ, ದಪ್ಪಗೆ, ಮುತ್ತಿನಂತೆ ಹೊಳೆಯುವುದಾಗಿರಬೇಕು; ಹಿಟ್ಟು ನಾದಿದರೆ ಬಿರಿಯದೆ ತಟ್ಟಲು ಬರಬೇಕು; ರೊಟ್ಟಿ ಮೆತ್ತಗಿರಬೇಕು, ಒಣಗಿಸಿದರೆ ಖಡಕ್ ಆಗಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಮನೆಯ ಹೆಣ್ಣುಮಕ್ಕಳು ಆ ಜೋಳವನ್ನು ತಿರಸ್ಕರಿಸುತ್ತಾರೆ. ವಿಶ್ವವಿದ್ಯಾಲಯದ ತಳಿ ಬಿಡುಗಡೆ ಸಮಿತಿಗಿಂತ ಕಠಿಣವಾದ ಸಮಿತಿ ಅದು.

ಕೇಂದ್ರ ಸರ್ಕಾರ ಪ್ರತಿ ವರ್ಷ ಘೋಷಿಸುವ ಕನಿಷ್ಠ ಬೆಂಬಲ ಬೆಲೆಯ ಪಟ್ಟಿಯನ್ನು ನೋಡಿದವರಿಗೆ ಒಂದು ವಿಶೇಷ ಕಾಣುತ್ತದೆ. ಅದರಲ್ಲಿ ಜೋಳಕ್ಕೆ ಎರಡು ಸಾಲುಗಳಿವೆ: ‘ಹೈಬ್ರಿಡ್’ ಮತ್ತು ‘ಮಾಲದಂಡಿ’. ಒಂದು ನಾಡತಳಿಯ ಹೆಸರೇ ಸರ್ಕಾರಿ ದರ್ಜೆಯಾಗಿ ಬಿಟ್ಟಿದೆ. 2025-26ರ ಸಾಲಿಗೆ ಹೈಬ್ರಿಡ್ ಜೋಳಕ್ಕೆ ಕ್ವಿಂಟಲ್‌ಗೆ 3,699 ರೂಪಾಯಿ, ಮಾಲದಂಡಿಗೆ 3,749 ರೂಪಾಯಿ. ಅಂತರ ಕೇವಲ 50 ರೂಪಾಯಿ. ಒಂದು ಎಂಟು ದಶಕಗಳ ನಿಷ್ಠೆಗೆ ಇದು ಕೊಡುಗೈ ಎನ್ನಲಾಗದು. ಗಡಿಯಾಚೆ ಮಂಗಳವೇಢೆಯ ಜೋಳಕ್ಕೆ 2016ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿದೆ. ಈಚೆಗೆ ಅದೇ ಎರೆ, ಅದೇ ಬೀಜ, ಅದೇ ಚಳಿ ಇದ್ದರೂ ನಮ್ಮಲ್ಲಿ ಇಂಡಿಯ ನಿಂಬೆಹಣ್ಣಿಗೆ ದೊರೆತ ಆ ಗೌರವ ಜೋಳದ ಪಾಲಿಗೆ ಬಂದಿಲ್ಲ.

ಸುಳಿನೊಣ ಮತ್ತು ಎಲೆಯ ಹೊಳಪು

ಹಿಂಗಾರಿ ಜೋಳದ ಮೊದಲ ಶತ್ರು ಸುಳಿನೊಣ. ಮನೆನೊಣಕ್ಕಿಂತ ಚಿಕ್ಕದಾದ ಈ ಕೀಟ ಎಳೆಯ ಸಸಿಯ ಎಲೆಯ ಕೆಳಮೈಗೆ ಮೊಟ್ಟೆಯಿಡುತ್ತದೆ. ಮರಿಹುಳು ಎಲೆಯಗುಂಟ ತೆವಳಿ ಸುಳಿಯೊಳಕ್ಕೆ ಇಳಿದು ಬೆಳೆಯುವ ತುದಿಯನ್ನೇ ಕತ್ತರಿಸುತ್ತದೆ. ಸುಳಿ ಬಾಡಿ ಒಣಗುತ್ತದೆ; ಎಳೆದರೆ ಕೈಗೆ ಬರುತ್ತದೆ. ಬಿತ್ತನೆ ತಡವಾದಷ್ಟೂ ಇದರ ಹಾವಳಿ ಹೆಚ್ಚು. ಮಳೆ ತಡವಾದರೆ ಬಿತ್ತನೆಯೂ ತಡವಾಗುತ್ತದೆ. ಮಳೆಯ ಕಾಲ ಈಗ ರೈತನ ಪಂಚಾಂಗಕ್ಕೆ ಹೊಂದುತ್ತಿಲ್ಲ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎಂ 35-1ರ ಎಳೆಯ ಸಸಿಯ ಎಲೆಗೆ ಒಂದು ಹೊಳಪಿದೆ. ಬೆಳಗಿನ ಬಿಸಿಲಿನಲ್ಲಿ ನೋಡಿದರೆ ಎಣ್ಣೆ ಸವರಿದಂತೆ ಕಾಣುತ್ತದೆ. ಇಂತಹ ಹೊಳಪಿನ ಎಲೆಗಳ ಮೇಲೆ ನೊಣ ಕಡಿಮೆ ಮೊಟ್ಟೆಯಿಡುತ್ತದೆ ಎಂಬುದನ್ನು ವಿಜ್ಞಾನಿಗಳು ಕಂಡುಕೊಂಡಿದ್ದಾರೆ. ಎಲೆಯ ಕೆಳಮೈಯ ಸೂಕ್ಷ್ಮ ರೋಮಗಳು ಎರಡನೆಯ ತಡೆ. ಹೊಳಪು, ರೋಮ ಇವೆರಡಕ್ಕೂ ಕಾರಣವಾದ ವಂಶವಾಹಿಗಳು ಜೋಳದ 10 ವರ್ಣತಂತುಗಳಲ್ಲಿ ಎಲ್ಲೆಲ್ಲಿ ಇವೆ? 296ಬಿ ಎಂಬ ಭಾರತೀಯ ಸಾಲನ್ನು ಸುಳಿನೊಣಕ್ಕೆ ಜಗ್ಗದ ಐಎಸ್ 18551 ಎಂಬ ಇಥಿಯೋಪಿಯ ಮೂಲದ ತಳಿಯೊಂದಿಗೆ ಕೂಡಿಸಿ, ಅದರ ಸಂತತಿಯನ್ನು ಪರೀಕ್ಷಿಸಿದ ಹೈದರಾಬಾದಿನ ಸಂಶೋಧಕರು 2009ರಲ್ಲಿ ಇದಕ್ಕೆ ಉತ್ತರ ಕೊಟ್ಟರು. ಐದನೆಯ ಮತ್ತು ಹತ್ತನೆಯ ವರ್ಣತಂತುಗಳ ಮೇಲಿನ ತಾಣಗಳು ಅವುಗಳಲ್ಲಿ ಮುಖ್ಯ.

ಇಲ್ಲಿ ‘ಗುರುತು’ ಎಂಬುದನ್ನು ಸ್ವಲ್ಪ ವಿವರಿಸಬೇಕು. ಪರಿಚಯವಿಲ್ಲದ ಊರಿನಲ್ಲಿ ಮನೆ ಹುಡುಕುವಾಗ ‘ಬೇವಿನ ಮರದ ಪಕ್ಕದ ಮನೆ’ ಎನ್ನುತ್ತಾರೆ. ಮರಕ್ಕೂ ಮನೆಯವರಿಗೂ ಸಂಬಂಧವಿಲ್ಲ. ಆದರೂ ಮರ ಕಂಡರೆ ಮನೆ ಸಿಕ್ಕಂತೆ. ಬೇಕಾದ ವಂಶವಾಹಿಯ ಮಗ್ಗುಲಲ್ಲೇ ಇರುವ, ಪ್ರಯೋಗಾಲಯದಲ್ಲಿ ಸುಲಭವಾಗಿ ಗುರುತಿಸಬಹುದಾದ ಡಿಎನ್‌ಎ ತುಣುಕು ಆ ಬೇವಿನ ಮರ. ಹತ್ತಿರವಿರುವ ಕಾರಣ ಎರಡೂ ತಲೆಮಾರಿನಿಂದ ತಲೆಮಾರಿಗೆ ಜೊತೆಯಾಗಿಯೇ ಸಾಗುತ್ತವೆ. ಹಾಗಾಗಿ ಸುಳಿನೊಣ ಬರಲೆಂದು ತಡವಾಗಿ ಬಿತ್ತಿ, ವರ್ಷಗಟ್ಟಲೆ ಕಾಯಬೇಕಿಲ್ಲ. ಸಸಿಯ ಒಂದು ಚೂರು ಎಲೆಯಿಂದ ಡಿಎನ್‌ಎ ತೆಗೆದು, ಬೇಕಾದ ಗುಣ ಬಂದಿದೆಯೋ ಇಲ್ಲವೋ ಎಂದು ಹೇಳಬಹುದು.

ಹಳೆಯ ಕ್ರಮದಲ್ಲಿ ಮಾಲದಂಡಿಗೆ ಹೊರಗಿನ ಗುಣವೊಂದನ್ನು ಸೇರಿಸಬೇಕಾದರೆ ಎರಡನ್ನೂ ಕೂಡಿಸಿ, ಹುಟ್ಟಿದ ಸಂತತಿಯನ್ನು ಮತ್ತೆ ಮತ್ತೆ ಮಾಲದಂಡಿಯೊಂದಿಗೇ ಕೂಡಿಸುತ್ತ ಹೋಗಬೇಕು. ಮೊದಲ ಪೀಳಿಗೆಯಲ್ಲಿ ಹೊರಗಿನದು ಅರ್ಧ. ಅನಂತರ ಕಾಲು, ಅರೆಕಾಲು ಹೀಗೆ ಇಳಿಯುತ್ತದೆ. ಶೇ 99ರಷ್ಟು ಮಾಲದಂಡಿಯಾಗಲು ಆರು ಸಲವಾದರೂ ಮರುಸಂಕರ ಬೇಕು. ಗುರುತುಗಳ ನೆರವಿದ್ದರೆ ಯಾವ ಸಸಿಯಲ್ಲಿ ಹೊರಗಿನ ಭಾಗ ಅತಿ ಕಡಿಮೆ ಉಳಿದಿದೆ ಎಂದು ನೋಡಿ ಆರಿಸಬಹುದು; ಮೂರು ಸಲಕ್ಕೇ ಅದೇ ಫಲ ಸಿಗಬಹುದು. ರುಚಿ ಕೆಡದೆ ಗುಣ ಸೇರಿಸುವ ಉಪಾಯವೆಂದರೆ ಇದೇ. ಸ್ವರ್ಣ ಭತ್ತಕ್ಕೆ ಆದದ್ದೂ ಇದೇ.

ಹಸಿರಾಗಿ ಉಳಿಯುವ ಎಲೆ

ಎರಡನೆಯ ಶತ್ರು ಕಣ್ಣಿಗೆ ಕಾಣದು. ಒಂದು ಮೀಟರ್ ಆಳದ ಒಳ್ಳೆಯ ಎರೆಮಣ್ಣು ಸುಮಾರು 200 ಮಿ.ಮೀ. ಮಳೆಗೆ ಸಮನಾದ ಹಸಿಯನ್ನು ಬೆಳೆಗಾಗಿ ಹಿಡಿದಿಡಬಲ್ಲದು. ಹಿಂಗಾರಿ ಜೋಳ ಬದುಕುವುದು ಈ ಉಳಿತಾಯ ಖಾತೆಯಿಂದ. ಎಡೆಕುಂಟೆ ಹೊಡೆದು ಮೇಲ್ಮಣ್ಣನ್ನು ಸಡಿಲ ಮಾಡಿ, ಬಿರುಕುಗಳನ್ನು ಮುಚ್ಚಿ ರೈತ ಆ ಖಾತೆಯನ್ನು ಕಾಯುತ್ತಾನೆ. ಆದರೂ ಹೂ ಬಿಟ್ಟು ಕಾಳು ಕಟ್ಟುವ ಹೊತ್ತಿಗೆ ಖಾತೆ ಬರಿದಾಗಿರುತ್ತದೆ. ಆಗ ಗಿಡ ಕಾಂಡದಲ್ಲಿ ಕೂಡಿಟ್ಟ ಸಕ್ಕರೆಯನ್ನೇ ಕಾಳಿಗೆ ಸಾಗಿಸುತ್ತದೆ. ದುರ್ಬಲವಾದ ಕಾಂಡಕ್ಕೆ ಮಣ್ಣಿನಲ್ಲಿರುವ ಶಿಲೀಂಧ್ರವೊಂದು ಹೊಕ್ಕು ಒಳಗೆಲ್ಲ ಇದ್ದಿಲಿನಂತೆ ಕಪ್ಪಾಗಿಸುತ್ತದೆ. ಕಾಳು ಬಲಿಯುವ ಮೊದಲೇ ಬೆಳೆ ನೆಲಕ್ಕೊರಗುತ್ತದೆ. ಕಾಳೂ ಇಲ್ಲ, ಕಣಿಕೆಯೂ ಇಲ್ಲ.

ಇದಕ್ಕೆ ಉತ್ತರವಾಗಿ ತಳಿಗಾರರು ಹಿಡಿದದ್ದು ‘ಸ್ಟೇ-ಗ್ರೀನ್’ ಎಂಬ ಗುಣವನ್ನು. ನೀರಿನ ಕೊರತೆಯಲ್ಲೂ ಎಲೆ ಕೊನೆಯವರೆಗೆ ಹಸಿರಾಗಿ ಉಳಿಯುವ ಗುಣ ಇದು. ಇಥಿಯೋಪಿಯದ ನಾಡಜೋಳದಿಂದ ಬಂದ ಬಿ35 ಎಂಬ ಸಾಲಿನಲ್ಲಿ ಇದಕ್ಕೆ ಕಾರಣವಾದ ನಾಲ್ಕು ಮುಖ್ಯ ತಾಣಗಳನ್ನು ಅಮೆರಿಕದ ಟೆಕ್ಸಾಸ್‌ನ ವಿಜ್ಞಾನಿಗಳು 2000ದ ಹೊತ್ತಿಗೆ ಗುರುತಿಸಿದ್ದರು. ಎಲೆ ಹಸಿರಾಗಿರುವುದರ ಹಿಂದಿನ ಮರ್ಮ ಕುತೂಹಲಕರ. ಆಸ್ಟ್ರೇಲಿಯದಲ್ಲಿ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನಗಳ ಪ್ರಕಾರ ಈ ಗಿಡಗಳು ಬರಗಾಲದಲ್ಲಿ ಹೆಚ್ಚು ದುಡಿಯುವುದಿಲ್ಲ, ಸುಭಿಕ್ಷದಲ್ಲಿ ಕಡಿಮೆ ಖರ್ಚು ಮಾಡುತ್ತವೆ. ಮರಿ ಒಡೆಯುವುದು ಕಡಿಮೆ, ಮೇಲಿನ ಎಲೆಗಳು ಚಿಕ್ಕವು. ಹೂವಿಗೆ ಮುಂಚೆ ಉಳಿಸಿದ ನೀರು ಕಾಳು ಕಟ್ಟುವಾಗ ಒದಗುತ್ತದೆ. ಎರೆಸೀಮೆಯ ಹಿರಿಯರ ಜೀವನಕ್ರಮಕ್ಕೂ ಇದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ.

ಹೈದರಾಬಾದಿನಲ್ಲಿರುವ ಜೋಳ ಸಂಶೋಧನಾ ಸಂಸ್ಥೆ, ಅಂದರೆ 2014ರಿಂದ ಭಾರತೀಯ ಸಿರಿಧಾನ್ಯ ಸಂಶೋಧನಾ ಸಂಸ್ಥೆ ಎನಿಸಿಕೊಂಡಿರುವ ಸಂಸ್ಥೆ, ಮಾಲದಂಡಿಯನ್ನೂ ಬಿ35ನ್ನೂ ಕೂಡಿಸಿ ಹುಟ್ಟಿದ ಸಂತತಿಯನ್ನು ಹಿಂಗಾರಿನಲ್ಲೇ ಬೆಳೆದು, ಇಳುವರಿಗೆ ಸಂಬಂಧಿಸಿದ ತಾಣಗಳ ನಕ್ಷೆಯನ್ನು 2013ರಲ್ಲಿ ಪ್ರಕಟಿಸಿತು. ಪಟಾಂಚೆರುವಿನ ಇಕ್ರಿಸ್ಯಾಟ್ ಸಂಸ್ಥೆಯಲ್ಲಿ ಸ್ಟೇ-ಗ್ರೀನ್ ತಾಣಗಳನ್ನು ಬೇರೆ ಬೇರೆ ತಳಿಗಳಿಗೆ ಸೇರಿಸಿ ನೋಡಿದ್ದಾರೆ. ಅಲ್ಲಿ ಸಿಕ್ಕ ಪಾಠ ಗಂಭೀರವಾದದ್ದು: ಒಂದೇ ತಾಣ ಒಂದು ತಳಿಯಲ್ಲಿ ಒಂದು ಬಗೆಯಾಗಿ, ಇನ್ನೊಂದರಲ್ಲಿ ಇನ್ನೊಂದು ಬಗೆಯಾಗಿ ವರ್ತಿಸುತ್ತದೆ. ಪ್ರವಾಹ ತಡೆಯುವ ಭತ್ತದಲ್ಲಿ ಒಂದು ವಂಶವಾಹಿ ಕೀಲಿಕೈಯಂತೆ ಕೆಲಸ ಮಾಡಿತು. ಬರ ತಾಳುವ ಗುಣ ಹಾಗಲ್ಲ. ಬೇರಿನ ಆಳ, ಎಲೆಯ ಅಳತೆ, ಹೂ ಬಿಡುವ ಕಾಲ ಎಲ್ಲವೂ ಅದರಲ್ಲಿ ಕೈಜೋಡಿಸುತ್ತವೆ. ‘ಬರ ನಿರೋಧಕ ವಂಶವಾಹಿ ಪತ್ತೆ’ ಎಂಬ ಶೀರ್ಷಿಕೆ ಕಂಡಾಗ ಓದುಗರು ಸ್ವಲ್ಪ ಅನುಮಾನದಿಂದಲೇ ಓದುವುದು ಒಳ್ಳೆಯದು.

ಹತ್ತಾರು ಸಣ್ಣ ವಂಶವಾಹಿಗಳು ಸೇರಿ ಆಡುವ ಇಂತಹ ಗುಣಗಳಿಗೆ ಈಗ ಬಳಕೆಗೆ ಬಂದಿರುವ ಉಪಾಯವೆಂದರೆ ಜೀನೋಮ್ ಆಧಾರಿತ ಆಯ್ಕೆ. ಇದರಲ್ಲಿ ಒಂದೊಂದು ತಾಣವನ್ನು ಹುಡುಕುವುದಿಲ್ಲ. ಸಾವಿರಾರು ಗುರುತುಗಳನ್ನು ಒಟ್ಟಿಗೆ ಓದಿ, ಹೊಲದಲ್ಲಿ ಪರೀಕ್ಷಿಸಿದ ಗಿಡಗಳ ಇಳುವರಿಯೊಂದಿಗೆ ತಾಳೆ ನೋಡಿ, ಇನ್ನೂ ಬಿತ್ತದ ಸಾಲು ಎಷ್ಟು ಕೊಡಬಹುದೆಂದು ಲೆಕ್ಕ ಹಾಕುತ್ತಾರೆ. ಇದನ್ನು ಮೊದಲು ರೂಢಿಗೆ ತಂದವರು ಹೈನುರಾಸುಗಳ ತಳಿಗಾರರು. ಹೋರಿಯ ಮಗಳು ಕರು ಹಾಕಿ ಹಾಲು ಕೊಡುವವರೆಗೆ ಕಾಯದೆ ಹೋರಿಯ ಬೆಲೆ ಕಟ್ಟುವ ವಿದ್ಯೆ ಅದು.

ಗಿಡ್ಡ ಮಾಡಬೇಕೇ, ಉದ್ದ ಬಿಡಬೇಕೇ?

ಜೋಳದ ಜೀನೋಮ್ ಪೂರ್ಣವಾಗಿ ಪ್ರಕಟವಾದದ್ದು 2009ರ ಜನವರಿಯಲ್ಲಿ, ಭತ್ತಕ್ಕಿಂತ ಮೂರೂವರೆ ವರ್ಷ ತಡವಾಗಿ. ಭತ್ತ ಮತ್ತು ಜೋಳದ ಪೂರ್ವಜರು ಬೇರೆಯಾದದ್ದು ಐದು ಕೋಟಿ ವರ್ಷಗಳಿಗೂ ಹಿಂದೆ. ಆದರೂ ಎರಡರಲ್ಲೂ ವಂಶವಾಹಿಗಳ ಸರದಿ ಬಹುಮಟ್ಟಿಗೆ ಒಂದೇ ರೀತಿ ಉಳಿದಿದೆ. ಹಾಗಾಗಿ ಭತ್ತಕ್ಕೆ ಸುರಿದ ಹಣ ಜೋಳಕ್ಕೂ ಸ್ವಲ್ಪ ಉಪಕಾರ ಮಾಡಿತು. ಭತ್ತದಲ್ಲಿ ಕಂಡ ವಂಶವಾಹಿಯ ಜೊತೆಗಾರನನ್ನು ಜೋಳದಲ್ಲಿ ಎಲ್ಲಿ ಹುಡುಕಬೇಕೆಂದು ತಿಳಿಯುತ್ತದೆ.

ಆದರೆ 2009ರಲ್ಲಿ ಓದಿದ್ದು ಯಾರ ಜೀನೋಮನ್ನು? ಬಿಟಿಎಕ್ಸ್ 623 ಎಂಬ ಅಮೆರಿಕದ ಸಾಲನ್ನು. ಯಂತ್ರದಿಂದ ಕೊಯ್ಯಲು ಅನುಕೂಲವಾಗುವಂತೆ ಕುಳ್ಳಗಾಗಿಸಿದ, ಹೆಚ್ಚಾಗಿ ಪಶುಗಳ ದಾಣಿಗಾಗಿ ಬೆಳೆಯುವ ಜೋಳದ ವಂಶದ್ದು ಅದು. ನಮ್ಮ ಎರೆಹೊಲದ ಆಳೆತ್ತರದ ಮಾಲದಂಡಿಗೂ ಅದಕ್ಕೂ ರೂಪದಲ್ಲಾಗಲೀ ಉದ್ದೇಶದಲ್ಲಾಗಲೀ ಹೋಲಿಕೆ ಇಲ್ಲ. ಒಂದೇ ತಳಿಯ ಬರಹವನ್ನು ಇಡೀ ಬೆಳೆಯ ಬರಹ ಎಂದು ಬಗೆದರೆ, ಅದರಲ್ಲಿ ಇಲ್ಲದ, ನಮ್ಮ ನಾಡತಳಿಗಳಲ್ಲಿ ಮಾತ್ರ ಇರುವ ವಂಶವಾಹಿಗಳು ಲೆಕ್ಕಕ್ಕೇ ಸಿಗುವುದಿಲ್ಲ. ಹಲವು ತಳಿಗಳ ಬರಹಗಳನ್ನು ಒಂದುಗೂಡಿಸುವ ‘ಪ್ಯಾನ್-ಜೀನೋಮ್’ ಕೆಲಸ ಜೋಳದಲ್ಲಿ 2021ರಲ್ಲಿ ಪ್ರಕಟವಾದದ್ದು ಈ ಕೊರತೆಯನ್ನು ತುಂಬಲೆಂದೇ. ಭತ್ತದಲ್ಲಿ ಮೂರು ಸಾವಿರಕ್ಕೂ ಮಿಕ್ಕಿದ ತಳಿಗಳ ಜೀನೋಮ್‌ಗಳ ವಿಶ್ಲೇಷಣೆ 2018ರಲ್ಲೇ ಹೊರಬಿದ್ದಿತ್ತು.

ಎತ್ತರದ ಪ್ರಶ್ನೆ ಇಲ್ಲಿ ಬಹಳ ಮುಖ್ಯ. ಜೋಳದ ಎತ್ತರವನ್ನು ನಿಯಂತ್ರಿಸುವ ನಾಲ್ಕು ಮುಖ್ಯ ವಂಶವಾಹಿಗಳನ್ನು ಅಮೆರಿಕದ ತಳಿಗಾರರು ಕಳೆದ ಶತಮಾನದಲ್ಲೇ ಗುರುತಿಸಿದ್ದರು. ಅವುಗಳಲ್ಲಿ ಒಂದರ ಡಿಎನ್‌ಎ ರಚನೆ 2003ರಲ್ಲಿ ತಿಳಿಯಿತು. ಅದರ ಒಂದು ಭಾಗ ಎರಡು ಸಲ ಬರೆದುಕೊಂಡದ್ದರಿಂದ ಗಿಡ ಕುಳ್ಳಾಗುತ್ತದೆ. ಆಗೊಮ್ಮೆ ಈಗೊಮ್ಮೆ ಆ ನಕಲು ತಾನಾಗಿಯೇ ಕಳಚಿಬಿದ್ದು ಕುಳ್ಳರ ಹೊಲದಲ್ಲಿ ಒಂದು ಉದ್ದನೆಯ ಗಿಡ ತಲೆಯೆತ್ತುತ್ತದೆ.

ನಮ್ಮಲ್ಲಿ ಜೋಳ ಕಡಿಮೆಯಾಗುತ್ತಿರುವುದಕ್ಕೆ ನೀರಾವರಿಯೊಂದೇ ಕಾರಣವಲ್ಲ. ಕೀಳುವ, ಕೊಯ್ಯುವ, ತೆನೆ ಮುರಿಯುವ ಕೆಲಸಕ್ಕೆ ಆಳು ಸಿಗದಿರುವುದು ದೊಡ್ಡ ಕಾರಣ. ಒಣ ಹೊಲದಲ್ಲೂ ಜೋಳದ ಜಾಗವನ್ನು ಕಡಲೆ, ತೊಗರಿ ಹಿಡಿಯುತ್ತಿವೆ. ಯಂತ್ರ ಓಡಬೇಕಾದರೆ ಗಿಡ ಗಿಡ್ಡವಾಗಬೇಕು. ವಂಶವಾಹಿ ಗೊತ್ತಿದೆ, ವಿಧಾನ ಗೊತ್ತಿದೆ. ಮಾಲದಂಡಿಯನ್ನು ಕುಳ್ಳಗಾಗಿಸುವುದು ಇಂದು ವಿಜ್ಞಾನಕ್ಕೆ ಕಠಿಣ ಕೆಲಸವಲ್ಲ. ಆದರೆ ಗಿಡ್ಡ ಗಿಡದಲ್ಲಿ ಕಣಿಕೆ ಎಲ್ಲಿಂದ ಬರಬೇಕು? ಬಣವಿ ಒಟ್ಟದೆ ಬೇಸಿಗೆಯಲ್ಲಿ ಎತ್ತು, ಎಮ್ಮೆಗಳಿಗೆ ಏನು ಹಾಕಬೇಕು? ಬರದ ವರ್ಷಗಳಲ್ಲಿ ಕಾಳಿಗಿಂತ ಮೇವೇ ಮನೆಯನ್ನು ಕಾಯ್ದಿದೆ. ಅಮೆರಿಕದ ರೈತನಿಗೆ ಕಾಂಡ ಕಸ. ಇಲ್ಲಿಯ ರೈತನಿಗೆ ಅದು ಅರ್ಧ ಬೆಳೆ. ಈ ಲೇಖಕನ ಮಟ್ಟಿಗೆ ಹೇಳುವುದಾದರೆ, ಯಂತ್ರವನ್ನು ಗಿಡದ ಅಳತೆಗೆ ತಕ್ಕಂತೆ ಮಾಡುವುದು ಗಿಡವನ್ನು ಯಂತ್ರದ ಅಳತೆಗೆ ಕತ್ತರಿಸುವುದಕ್ಕಿಂತ ವಿವೇಕದ ಕೆಲಸ. ಎತ್ತುಗಳೇ ಇಲ್ಲದ ಮನೆಗಳು ಹೆಚ್ಚುತ್ತಿರುವಾಗ ಇದನ್ನು ಒಪ್ಪದವರೂ ಇರಬಹುದು. ಒಂದೇ ಊರಿನಲ್ಲಿ ಇಬ್ಬರು ರೈತರಿಗೆ ಎರಡು ಬಗೆಯ ಜೋಳ ಬೇಕಾಗಬಹುದು ಎಂಬುದನ್ನಾದರೂ ತಳಿಗಾರರು ಒಪ್ಪಬೇಕಾಗುತ್ತದೆ.

ಬೀಜದ ಹಿಂದಿನ ಹಣ

ಭತ್ತಕ್ಕೆ ಸಿಕ್ಕ ಗಮನ ಹಿಂಗಾರಿ ಜೋಳಕ್ಕೆ ಸಿಗದಿರಲು ಇನ್ನೊಂದು ಸರಳ ಕಾರಣವಿದೆ. ಮಾಲದಂಡಿಯ ಬೀಜವನ್ನು ರೈತ ತನ್ನ ಹೊಲದಿಂದಲೇ ಆರಿಸಿ ಇಟ್ಟುಕೊಳ್ಳಬಹುದು. ಪ್ರತಿ ವರ್ಷ ಹೊಸ ಬೀಜ ಕೊಳ್ಳಲೇಬೇಕಾದ ಹೈಬ್ರಿಡ್‌ನಲ್ಲಿ ಇರುವ ಲಾಭ ಇದರಲ್ಲಿ ಇಲ್ಲ. ಹಾಗಾಗಿ ಖಾಸಗಿ ಬೀಜ ಕಂಪನಿಗಳ ಉತ್ಸಾಹ ಮುಂಗಾರಿ ಹೈಬ್ರಿಡ್‌ಗಳಿಗೆ, ಗೋವಿನಜೋಳಕ್ಕೆ, ಹತ್ತಿಗೆ ಹರಿಯಿತು. ಹಿಂಗಾರಿ ಜೋಳಕ್ಕೆ ಉಳಿದದ್ದು ಸರ್ಕಾರಿ ಸಂಶೋಧನಾ ಕೇಂದ್ರಗಳು ಮಾತ್ರ. ವಿಜಯಪುರದ ಕೇಂದ್ರ, ಸೊಲ್ಲಾಪುರದಲ್ಲಿರುವ ಹಿಂಗಾರಿ ಜೋಳ ಕೇಂದ್ರ, ಧಾರವಾಡದ ವಿಶ್ವವಿದ್ಯಾಲಯ ಇವುಗಳ ಕೈಗೆ ಎಷ್ಟು ಹಣ, ಎಷ್ಟು ಜನ ಎಂಬುದರ ಮೇಲೆಯೇ ಈ ಬೆಳೆಯ ಭವಿಷ್ಯ ನಿಂತಿದೆ.

1970ರ ಸುಮಾರಿಗೆ ದೇಶದಲ್ಲಿ 1.7 ಕೋಟಿ ಹೆಕ್ಟೇರ್‌ಗೂ ಹೆಚ್ಚು ಪ್ರದೇಶದಲ್ಲಿ ಜೋಳ ಇತ್ತು. ಈಗ ಅದು 50 ಲಕ್ಷ ಹೆಕ್ಟೇರ್‌ಗಿಂತ ಕಡಿಮೆ. ಪಡಿತರದ ಅಂಗಡಿಯಲ್ಲಿ ಅಕ್ಕಿ, ಗೋಧಿ ಅಗ್ಗವಾಗಿ ಸಿಕ್ಕಾಗ ರೊಟ್ಟಿಯ ಜಾಗಕ್ಕೆ ಅನ್ನ ಬಂದದ್ದನ್ನು ಉತ್ತರ ಕರ್ನಾಟಕದ ಪ್ರತಿ ಮನೆಯೂ ಬಲ್ಲದು. ಭಾರತದ ಪ್ರಸ್ತಾವದಂತೆ ವಿಶ್ವಸಂಸ್ಥೆ 2023ನ್ನು ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿತು. ಮೇಳಗಳಾದವು, ಬಿಸ್ಕತ್ತುಗಳು ಬಂದವು. ಬೆಂಗಳೂರಿನ ಹೋಟೆಲುಗಳಲ್ಲಿ ಜೋಳದ ರೊಟ್ಟಿಯ ಬೆಲೆ ಏರಿತು. ಆ ಏರಿಕೆಯ ಎಷ್ಟು ಪಾಲು ಡೋಣಿಯ ದಂಡೆಗೆ ತಲುಪಿತು ಎಂಬುದನ್ನು ಬೆಂಬಲ ಬೆಲೆಯ ಆ 50 ರೂಪಾಯಿಯ ಅಂತರವೇ ಹೇಳುತ್ತದೆ.

2022ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ, ಹೊರಗಿನ ವಂಶವಾಹಿ ಸೇರಿಸದೆ ಇರುವುದನ್ನೇ ತಿದ್ದಿದ ಸಸ್ಯಗಳನ್ನು ಕುಲಾಂತರಿಗಳಿಗೆ ಅನ್ವಯಿಸುವ ಬಿಗಿ ನಿಯಮಗಳಿಂದ ಹೊರಗಿಟ್ಟಿತು. ಭತ್ತದ ಎರಡು ತಳಿಗಳು ಹೊರಬಂದದ್ದು ಈ ಬಾಗಿಲಿನಿಂದಲೇ. ಜೋಳದ ಕಾಳಿನ ಪ್ರೋಟೀನು ಸುಲಭವಾಗಿ ಜೀರ್ಣವಾಗುವಂತೆ ವಂಶವಾಹಿ ತಿದ್ದಿದ ಪ್ರಯೋಗ ಅಮೆರಿಕದಲ್ಲಿ 2018ರಲ್ಲೇ ಯಶಸ್ವಿಯಾಗಿದೆ. ತಂತ್ರಜ್ಞಾನದ ಹಕ್ಕುಪತ್ರ ಯಾರ ಕೈಯಲ್ಲಿದೆ, ರೈತ ಬೀಜ ಉಳಿಸಿಕೊಳ್ಳಬಹುದೇ ಎಂಬ ಪ್ರಶ್ನೆಗಳನ್ನು ಮಾತ್ರ ಈಗಲೇ ಕೇಳಿಡಬೇಕು. ಮಾಲದಂಡಿಯಂತಹ ಬೀಜದ ವಿಷಯದಲ್ಲಿ ಅದು ಸಣ್ಣ ಮಾತಲ್ಲ.

ಇನ್ನು ನಾಡತಳಿಗಳ ವಿಚಾರ. ಸೀತನಿಗೆಂದೇ ಹೊಲದ ಅಂಚಿನಲ್ಲಿ ಬಿತ್ತುತ್ತಿದ್ದ ಸಿಹಿ ಜೋಳ, ನಾಗರಪಂಚಮಿಯ ಅಳ್ಳಿಗೆ ಹುರಿದರೆ ಮಲ್ಲಿಗೆಯಂತೆ ಅರಳುವ ಜೋಳ ಇವೆಲ್ಲ ಅಂಗೈಯಗಲದ ಜಾಗದಲ್ಲಿ ಉಳಿದಿವೆ. ಪಟಾಂಚೆರುವಿನ ಇಕ್ರಿಸ್ಯಾಟ್ ಬೀಜಭಂಡಾರದಲ್ಲಿ ಜಗತ್ತಿನ 40 ಸಾವಿರಕ್ಕೂ ಹೆಚ್ಚು ಜೋಳದ ಮಾದರಿಗಳು ಶೀತಲ ಕೋಣೆಯಲ್ಲಿ ಭದ್ರವಾಗಿವೆ. ಒಡಿಶಾದ ರೈತರು ಮುಳುಗದ ಭತ್ತವನ್ನು ಉಳಿಸಿಕೊಂಡಿರದಿದ್ದರೆ 2006ರಲ್ಲಿ ಹುಡುಕಲು ಏನೂ ಇರುತ್ತಿರಲಿಲ್ಲ. ಶೀತಲ ಕೋಣೆಯ ಬೀಜಕ್ಕೂ ಹೊಲದ ಬೀಜಕ್ಕೂ ಒಂದು ವ್ಯತ್ಯಾಸವುಂಟು: ಕೋಣೆಯಲ್ಲಿದ್ದದ್ದು ತಾನು ಹೊಕ್ಕ ದಿನದ ಹವೆಯನ್ನಷ್ಟೇ ಬಲ್ಲದು, ಹೊಲದಲ್ಲಿದ್ದದ್ದು ಪ್ರತಿ ವರ್ಷದ ನೊಣಕ್ಕೆ, ಬಿಸಿಗೆ, ತಡವಾದ ಮಳೆಗೆ ಮೈಯೊಡ್ಡುತ್ತ, ಸೋತದ್ದನ್ನು ಬಿಟ್ಟು ಗೆದ್ದದ್ದನ್ನು ಉಳಿಸಿಕೊಳ್ಳುತ್ತ ಸಾಗುತ್ತದೆ.

ಮುಳವಾಡದ ಕಾಲುವೆಗಳಲ್ಲಿ ನೀರು ಹರಿಯುವ ಹೊಲಗಳಿಗೆ ಈ ಬೀಜ ಬೇಡವಾಗಬಹುದು. ಕಾಲುವೆಯಾಚೆಯ ಹೊಲಗಳು ಈ ವರ್ಷವೂ ಉತ್ತರೆಯ ಮಳೆಯನ್ನೇ ಕಾಯುತ್ತವೆ, ಕೂರಿಗೆಗೆ ಹಾಕುವ ಬೀಜ ಹೆಚ್ಚಾಗಿ 1930ರ ದಶಕದಲ್ಲಿ ಮೊಹೋಳದಲ್ಲಿ ಆರಿಸಿದ ಅದೇ ಮಾಲದಂಡಿ.